ಈ ಮೂಲಕ ಬಂಧುಗಳಿಗೆ ತಿಳಿಸುವುದೇನೆಂದರೆ

ಇನ್‌ಫಾರ್ಮ್ ಮತ್ತು ಇನ್ವೈಟ್ ಎಂಬ ಎರಡು ಇಂಗ್ಲಿಷ್ ಕ್ರಿಯಾಪದಗಳ ವ್ಯತ್ಯಾಸವನ್ನು ನನ್ನಷ್ಟು ಸ್ಪಷ್ಟವಾಗಿ ಬಲ್ಲವನು ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ಮೂವತ್ತೆಂಟು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು ನಾನು. ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಪಟ್ಟಿ, ಸಾಹುಕಾರರ ಪತ್ರ ಬರೆಯುವವನು. ಬೆಳಿಗ್ಗೆ ಏಳೂವರೆಗೆ ಗಂಟೆ ಬಾರಿಸಿದರೆ, ಏಳು ಮೂವತ್ತೊಂದಕ್ಕೆ ಬಂದವನ ಹೆಸರಿನ ಮುಂದೆ ಕೆಂಪು ಗೀಟು ಎಳೆಯುತ್ತಿದ್ದೆ. ನಿವೃತ್ತಿಯಾದ ಮೇಲೆ ಮನೆಯಲ್ಲೂ ಅದೇ ಶಿಸ್ತು. ಗಂಟೆ ಮಾತ್ರ ಇಲ್ಲ. ತೂಗುಹಾಕಲು ನನ್ನ ಹೆಂಡತಿ ಸರೋಜ ಬಿಡಲಿಲ್ಲ.

ಆ ಎರಡು ಪದಗಳ ಪಾಠ ನನಗಾದದ್ದು ಕೆಲಸಕ್ಕೆ ಸೇರಿದ ಮೊದಲ ವಾರ. ಪಕ್ಕದ ತೋಟದ ಎಮ್ಮೆಗಳು ನಮ್ಮ ತೋಟಕ್ಕೆ ನುಗ್ಗಿದ್ದವು. ಅದರ ಮಾಲೀಕರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆ ಎಂದರು ಸಾಹುಕಾರರು. ಎಮ್ಮೆಗಳು ಬಂದಿವೆ ಎಂದು ನಿಮ್ಮನ್ನು ಇನ್ವೈಟ್ ಮಾಡುತ್ತೇವೆ ಎಂದು ಬರೆದುಕೊಟ್ಟೆ. ಸಾಹುಕಾರರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಎಮ್ಮೆ ಬಂದದ್ದು ಸಾಲ್ದು ಅಂತ ಎಮ್ಮೆ ಯಜಮಾನನ್ನೂ ಕರೀತಿದೀಯೇನಯ್ಯ?" ಎಂದರು. ಆಮೇಲೆ ತಾಳ್ಮೆಯಿಂದ ವಿವರಿಸಿದರು. ಇನ್‌ಫಾರ್ಮ್ ಎಂದರೆ ವಿಷಯ ಮುಟ್ಟಿಸುವುದು. ಕಾಗದ ತಲುಪಿದರೆ ಕೆಲಸ ಮುಗಿಯಿತು. ಇನ್ವೈಟ್ ಎಂದರೆ ಮನುಷ್ಯನನ್ನೇ ಬರಮಾಡಿಕೊಳ್ಳುವುದು. ಅವನು ಬರಬೇಕು, ಕೂರಬೇಕು, ಉಣ್ಣಬೇಕು.

ಅಂದಿನಿಂದ ನಾನು ಆ ಎರಡನ್ನೂ ಸೇರಿಗೆ ಸೇರು ತೂಗಿ ಬಳಸಿದೆ. ಜೀಪಿನ ಬ್ರೇಕು ಹೋಗಿದೆ ಎಂದು ಸಾಹುಕಾರರಿಗೆ ಇನ್‌ಫಾರ್ಮ್ ಮಾಡಿದೆ. ಸ್ಟೋರಿನ ಪೂಜೆಗೆ ಡಾಕ್ಟರನ್ನು ಇನ್ವೈಟ್ ಮಾಡಿದೆ. ಒಮ್ಮೆಯೂ ಅದಲುಬದಲಾಗಲಿಲ್ಲ. ಕಾಲಕ್ರಮೇಣ ನನ್ನದೇ ಆದ ಒಂದು ಸಿದ್ಧಾಂತವೂ ಬೆಳೆಯಿತು. ಇನ್ವೈಟ್ ಮಾಡಿಸಿಕೊಂಡವನಿಗೆ ಬರುವುದಿಲ್ಲ ಎನ್ನುವ ಸ್ವಾತಂತ್ರ್ಯವಿದೆ. ಇನ್‌ಫಾರ್ಮ್ ಮಾಡಿಸಿಕೊಂಡವನಿಗೆ ಯಾವ ಸ್ವಾತಂತ್ರ್ಯವೂ ಇಲ್ಲ. ಆದ್ದರಿಂದ ದೂರದವರನ್ನು ಇನ್ವೈಟ್ ಮಾಡಬೇಕು, ನಮ್ಮವರಿಗೆ ಇನ್‌ಫಾರ್ಮ್ ಮಾಡಬೇಕು. ನಮ್ಮದೇ ಎಡಗೈಯನ್ನು ಯಾರಾದರೂ ದಯಮಾಡಿ ಬನ್ನಿ ಎಂದು ಕರೆಯುತ್ತಾರೆಯೇ?

ಈ ಸಿದ್ಧಾಂತವನ್ನು ಮಗಳು ದಿವ್ಯಳಿಗೆ ಹೇಳುವ ಸಂದರ್ಭ ಬಂತು. ಅವಳು ಆಲೂರಿನಲ್ಲಿ ಶಾಲೆಯ ಟೀಚರ್. ಅವಳ ನಿಶ್ಚಿತಾರ್ಥಕ್ಕೆ ಇನ್ನು ಹತ್ತು ದಿನ ಇದ್ದಾಗ, ಮಕ್ಕಳಿಗೆ ಇವೆರಡನ್ನೂ ಹೇಗೆ ಬಿಡಿಸಿ ಹೇಳುವುದು ಎಂದು ಕೇಳಿದಳು. ನಾನು ಮುಕ್ಕಾಲು ಗಂಟೆ ಹೇಳಿದೆ. ಅವಳು ಹತ್ತು ನಿಮಿಷದ ನಂತರ ತಲೆಯಾಡಿಸುವುದನ್ನು ನಿಲ್ಲಿಸಿದಳು. ಅಷ್ಟರಲ್ಲಿ ಸರೋಜ ಅಡಿಗೆಮನೆಯಿಂದ ಬಂದಳು.

"ರೀ, ಪಾಠ ಆಮೇಲೆ. ನಾಳೆಯಿಂದ ಕರೆಯೋಕೆ ಹೊರಡೋಣ. ಮೊದ್ಲು ಹೊಂಗಡಹಳ್ಳಕ್ಕೆ ಹೋಗಿ ಅಣ್ಣಯ್ಯನ್ನ ಕರೀಬೇಕು. ಆಮೇಲೆ ಮಿಕ್ಕ ಆರು ಮನೆ."

ಅವಳ ಅಣ್ಣ ಪುಟ್ಟೇಗೌಡರು. ದಿವ್ಯಳ ಸೋದರಮಾವ. ಹುಡುಗಿಯ ಕಡೆಯಿಂದ ತಾಂಬೂಲ ತೆಗೆದುಕೊಳ್ಳಬೇಕಾದವರು ಅವರೇ. ನಮ್ಮ ಮನೆಯಿಂದ ಹೊಂಗಡಹಳ್ಳಕ್ಕೆ ಜೀಪಿನಲ್ಲಿ ಕಾಲು ಗಂಟೆ. ಉಳಿದ ಆರು ಮನೆಗಳೂ ಅದೇ ರಸ್ತೆಯ ಮೇಲಿವೆ.

"ಏಳು ಮನೆಗೆ ಎರಡು ದಿನ ಹಾಳು," ಎಂದೆ. "ಫೋನಿನಲ್ಲಿ ನಮ್ಮ ಬಂಧುಗಳ ಗುಂಪು ಇದೆ. ಒಂದೇ ಸಲಕ್ಕೆ ಎಲ್ಲರಿಗೂ ಇನ್‌ಫಾರ್ಮ್ ಮಾಡುತ್ತೇನೆ."

"ಅಣ್ಣಯ್ಯ ಬರ್ದೇ ಇದ್ರೆ ನಿಶ್ಚಯ ಆಗಲ್ಲ ಕಣ್ರೀ. ಗಂಡಿನ ಕಡೆಯೋರು ಎದ್ದು ಹೋಗ್ತಾರೆ."

"ನಿನ್ನಣ್ಣ ಯಾಕೆ ಬರುವುದಿಲ್ಲ? ಅವರು ಹೊರಗಿನವರಾ?"

ಸರೋಜ ನನ್ನನ್ನು ನೋಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ಆ ನೋಟವನ್ನು ನಾನು ಒಪ್ಪಿಗೆ ಎಂದು ಓದಿದ್ದು ಅದು ಎಷ್ಟನೆಯ ಸಲವೋ ತಿಳಿಯದು. ಅವಳು ಹೇಳಿದ್ದು ಇಷ್ಟೆ: "ಆಗ್ಲಿ. ಆಮೇಲೆ ನನ್ನನ್ನ ಕೇಳ್ಬೇಡಿ."

ಅಂದು ಸಂಜೆಯೇ ಗುಂಪಿಗೆ ಪ್ರಕಟಣೆ ಹೊರಟಿತು.

"ಈ ಮೂಲಕ ಸಮಸ್ತ ಬಂಧುಗಳಿಗೆ ತಿಳಿಸುವುದೇನೆಂದರೆ, ಮುಂದಿನ ವಾರ ಬುಧವಾರ ನಮ್ಮ ಮನೆಯಲ್ಲಿ ನಮ್ಮ ಮಗಳ ನಿಶ್ಚಿತಾರ್ಥ ನಡೆಯಲಿದೆ. 9.15 ಬಂಧುಗಳ ಆಗಮನ. 9.20 ಆಸನ ಗ್ರಹಣ. 9.30 ಕಾಫಿ, ತಲಾ ಒಂದು ಲೋಟ. 10.30 ಗಂಡಿನ ಕಡೆಯವರ ಆಗಮನ. 11.00 ತಾಂಬೂಲ. 12.00 ರಾಹುಕಾಲ. 12.30 ಊಟ. ಓದಿದವರು ಓದಿದ್ದೇವೆಂದು ಸೂಚಿಸತಕ್ಕದ್ದು."

ಅರ್ಧ ಗಂಟೆಯಲ್ಲಿ ನಲವತ್ತೆರಡು ಹೆಬ್ಬೆರಳುಗಳು ಎದ್ದು ನಿಂತವು. ಪುಟ್ಟೇಗೌಡರ ಹೆಬ್ಬೆರಳು ಎಲ್ಲರಿಗಿಂತ ಮೊದಲು ಬಂದಿತ್ತು. ನಾನು ಹಾಜರಿ ಪುಸ್ತಕ ತೆಗೆದು ನಲವತ್ತೆರಡು ಹೆಸರುಗಳ ಮುಂದೆ ಸರಿ ಗುರುತು ಹಾಕಿದೆ. ಅದನ್ನು ಸರೋಜಳಿಗೂ ತೋರಿಸಿದೆ. ಅವಳು ಒಗ್ಗರಣೆ ಹಾಕುತ್ತಿದ್ದಳು. ಹೊಗೆ ನನ್ನ ಮುಖಕ್ಕೆ ಬಂತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಳದಲ್ಲಿ ಶಾಮಿಯಾನ, ಅದರಡಿ ಅರವತ್ತು ಕುರ್ಚಿ, ಆರು ಸಾಲು, ಸಾಲಿಗೆ ಹತ್ತು. ದಾರ ಹಿಡಿದು ನಿಲ್ಲಿಸಿದ್ದೆ. ಗೇಟಿನ ಬಳಿ ನಾನು. ಕೈಯಲ್ಲಿ ಗಡಿಯಾರ. ಒಂಬತ್ತೂಕಾಲು ಆಯಿತು. ಶಾಸ್ತ್ರ ಮಾಡಿಸುವ ಐನೋರು ಬಂದರು. ಒಂಬತ್ತು ಇಪ್ಪತ್ತು, ಆಸನ ಗ್ರಹಣದ ಸಮಯ. ಐನೋರು ಗ್ರಹಿಸಿದರು. ಒಂಬತ್ತೂವರೆಗೆ ಅಡಿಗೆಯವನು ಮೂವತ್ತು ಲೋಟ ಕಾಫಿ ತಂದ. ಐನೋರು ಒಂದು ಕುಡಿದರು.

"ಜನ ಎಲ್ಲಿ ರೈಟ್ರೇ?" ಎಂದು ಅವರು ಕೇಳಿದರು.

"ಬರುತ್ತಾರೆ. ಎಲ್ಲರೂ ಸೂಚಿಸಿದ್ದಾರೆ," ಎಂದೆ.

ಮುಕ್ಕಾಲಾಯಿತು. ನಾನು ದೊಡ್ಡಪ್ಪನ ಮಗ ರಂಗಪ್ಪನಿಗೆ ಫೋನು ಮಾಡಿದೆ. ಆರು ಮನೆಗಳಲ್ಲಿ ಮೂರನೆಯದು ಅವನದು.

"ರಂಗ, ಹೊರಟೆಯೇನಪ್ಪ?"

"ಎಲ್ಲಿಗಣ್ಣ?"

"ನಮ್ಮನೆಗೆ! ದಿವ್ಯನ ನಿಶ್ಚಯ, ಓದಲಿಲ್ಲವಾ?"

"ಓಹ್, ಓದ್ದೆ ಓದ್ದೆ. ಭಾಳ ಸಂತೋಷ ಆಯ್ತಣ್ಣ. ಒಳ್ಳೇದಾಗ್ಲಿ." ಫೋನು ಇಟ್ಟುಬಿಟ್ಟ.

ತಕ್ಷಣ ಪುಟ್ಟೇಗೌಡರಿಗೆ ಮಾಡಿದೆ.

"ಭಾವ, ಎಲ್ಲಿದ್ದೀರಿ?"

"ಜಗಲಿ ಮ್ಯಾಲೆ."

"ಏನು ಮಾಡ್ತಿದ್ದೀರಿ?"

"ಕೂತಿವ್ನಿ. ಆರು ಗಂಟೆಗೇ ಸ್ನಾನ ಆಯ್ತು. ರೇಷ್ಮೆ ಪಂಚೆ ಉಟ್ಟಿವ್ನಿ. ಪೇಟ ಸುತ್ತಿ ಮಡಗಿವ್ನಿ. ದಿವ್ಯಂಗೆ ತಂದಿರೋ ಸೀರೆ ಇಲ್ಲೇ ಮಗ್ಗುಲಾಗೈತೆ."

"ಮತ್ತೆ ಹೊರಡಲಿಲ್ಲವಾ?"

"ನೀವು ತಿಳಿಸಿದ್ರಿ ರೈಟ್ರೇ. ನಾನು ತಿಳ್ಕಂಡೆ. ಬೆರಳೂ ಒತ್ತಿವ್ನಲ್ಲ. ಕರೆಯೋಕೆ ಯಾರಾದ್ರೂ ಬರ್ತಾರೇನೋ ಅಂತ ಒಂಬತ್ತು ದಿನದಿಂದ ನಾಯಿ ಕಟ್ಟಾಕಿವ್ನಿ," ಎಂದರು.

ನಾನು ತಿರುಗಿದೆ. ಹಿಂದೆ ಸರೋಜ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಅವಳ ಕಣ್ಣಿನಲ್ಲಿ ನೀರು ಇತ್ತು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಕಣ್ಣೀರಿಗೆ ಸಿದ್ಧನಾಗಿರಲಿಲ್ಲ.

"ಹೋಗಿ ಕರ್ಕೊಂಬನ್ನಿ," ಎಂದಳು. "ಹನ್ನೆರಡರೊಳಗೆ ತಾಂಬೂಲ ಆಗ್ಬೇಕು. ಒಂದೇ ಮಗಳು ಕಣ್ರೀ."

ನಮಗೆ ವಾಹನವಿಲ್ಲ. ಪಕ್ಕದ ಮನೆಯ ಪೀಟರ್ ಅವರಿಗೆ ಜೀಪಿದೆ. ಮಂಗಳೂರು ಕಡೆಯಿಂದ ಅವರ ಅಜ್ಜನ ಕಾಲದಲ್ಲಿ ಬಂದ ಕುಟುಂಬ. ಸಕಲೇಶಪುರದಲ್ಲಿ ಜೀಪಿನ ಬಿಡಿಭಾಗಗಳ ಅಂಗಡಿ. ಓಡಿದೆ. ಪೀಟರ್ ಇಸ್ತ್ರಿ ಅಂಗಿ ತೊಟ್ಟು, ಬೂಟು ಹೊಳೆಯಿಸಿಕೊಂಡು, ವರಾಂಡದಲ್ಲಿ ಪೇಪರು ಓದುತ್ತಿದ್ದರು. ಪೇಪರು ಹಿಂದಿನ ದಿನದ್ದು.

"ಪೀಟರ್, ಜೀಪು ತೆಗೆಯಿರಿ. ಹೊಂಗಡಹಳ್ಳಕ್ಕೆ ಹೋಗಬೇಕು. ಕರೆಯಲಿಲ್ಲ ಎಂದು ಭಾವ ಬೇಜಾರು ಮಾಡಿಕೊಂಡಿದ್ದಾರೆ."

"ಅಯ್ಯೋ ದೇವರೇ. ನಮ್ಮಲ್ಲಿಯೂ ಹಾಗೆಯೇ ಮಾರಾಯ್ರೆ. ಮನೆಗೆ ಹೋಗಿ ಕರೆಯದಿದ್ದರೆ ಒಬ್ಬನೂ ಬರುವುದಿಲ್ಲ," ಎಂದ ಪೀಟರ್ ಪೇಪರಿನ ಪುಟ ತಿರುಗಿಸಿದರು. ಏಳಲಿಲ್ಲ.

ನಾನು ಅವರ ಬೂಟು ನೋಡಿದೆ. ಅವರು ನನ್ನ ಮುಖ ನೋಡಿದರು.

"ಪೀಟರ್," ಎಂದೆ ಕೈ ಜೋಡಿಸಿ, "ನಮ್ಮ ದಿವ್ಯನ ನಿಶ್ಚಿತಾರ್ಥ. ದಯವಿಟ್ಟು ಮನೆಮಂದಿಯೆಲ್ಲಾ ಬರಬೇಕು."

"ಅದಕ್ಕೆಂತ, ಬರುವ," ಎಂದರು ತಕ್ಷಣ ಎದ್ದು. "ಸಿಸಿಲಿಯಾ, ರೈಟರು ಕರೆಯಲಿಕ್ಕೆ ಬಂದಿದ್ದಾರೆ. ಕಾಫಿ ತಾ."

"ಸಮಯವಿಲ್ಲ ಪೀಟರ್."

"ಕರೆಯಲಿಕ್ಕೆ ಬಂದವರು ಬರೇ ಬಾಯಲ್ಲಿ ಹೋಗುವುದುಂಟಾ?"

ಮೊದಲನೆಯ ಲೋಟ.

ಜೀಪು ಹೊರಟಿತು. ದಾರಿಯ ಆರು ಮನೆಗಳನ್ನೂ ಹೋಗುವಾಗಲೇ ಕರೆದುಬಿಡೋಣ ಎಂಬುದು ನನ್ನ ಯೋಜನೆ. ಪೀಟರ್ ಬ್ರೇಕು ಒತ್ತಲಿಲ್ಲ. "ಹಿರಿಯರ ಮನೆ ಬಿಟ್ಟು ಕಿರಿಯರದ್ದಕ್ಕೆ ಮೊದಲು ಹೋದಿರೋ, ಇವತ್ತಲ್ಲ, ಮದುವೆಗೂ ನಿಮ್ಮ ಭಾವ ಬರುವುದಿಲ್ಲ," ಎಂದರು. ಸರಿ, ಮೊದಲು ಹೊಂಗಡಹಳ್ಳ. ರಂಗಪ್ಪ ಹೆಂಡತಿ ಮಕ್ಕಳೊಂದಿಗೆ, ಎಲ್ಲರೂ ಹೊಸ ಬಟ್ಟೆಯಲ್ಲಿ, ತನ್ನ ಗೇಟಿನ ಬಳಿ ನಿಂತಿದ್ದ. ನಮ್ಮನ್ನು ಕಂಡು ಕೈ ಬೀಸಿದ. ನಾವು ಅವನ ಮುಂದೆಯೇ ಹಾದುಹೋದೆವು.

ಪುಟ್ಟೇಗೌಡರು ಹೇಳಿದಂತೆಯೇ ಜಗಲಿಯ ಮೇಲಿದ್ದರು. ಎದ್ದು ನಿಂತು ಬರಮಾಡಿಕೊಂಡರು. ಚಾಪೆ ಹಾಸಿದರು, ಕಾಲಿಗೆ ನೀರು ಕೊಟ್ಟರು. ಅಷ್ಟು ಮರ್ಯಾದೆ ಮಾಡಿದ್ದನ್ನು ಕಂಡು ನನಗೆ ಹೆದರಿಕೆಯಾಯಿತು. ಹೆದರಿದಾಗ ನಾನು ವಿವರಣೆ ಕೊಡುತ್ತೇನೆ.

"ಭಾವ, ಇಂಗ್ಲಿಷಿನಲ್ಲಿ ಇನ್‌ಫಾರ್ಮ್ ಅಂತ ಒಂದಿದೆ, ಇನ್ವೈಟ್ ಅಂತ ಒಂದಿದೆ. ಇನ್‌ಫಾರ್ಮ್ ಎಂದರೆ ನಮ್ಮವರಿಗೆ..."

"ನಂಗೆ ಇಂಗ್ಲಿಷ್ ಬರಕಿಲ್ಲ ರೈಟ್ರೇ," ಎಂದರು ಅವರು ಮೆಲ್ಲಗೆ. "ಸಾವಿಗೆ ತಿಳಿಸ್ತಾರೆ, ಶುಭಕ್ಕೆ ಕರೀತಾರೆ. ಸಾವಿಗೆ ಕರೀಬಾರ್ದು, ಶುಭಕ್ಕೆ ತಿಳಿಸ್‌ಬಾರ್ದು. ಅಷ್ಟು ಮಾತ್ರ ನಮ್ಮಪ್ಪ ಹೇಳ್ಕೊಟ್ಟವ್ರೆ."

ಮೂವತ್ತೆಂಟು ವರ್ಷದ ಸೇವೆ ಒಂದು ವಾಕ್ಯಕ್ಕೆ ತೀರಿಹೋಯಿತು. ನಾನು ಕೈ ಜೋಡಿಸಿ ಕರೆದೆ. ಅವರು ಪೇಟಕ್ಕೆ ಕೈಹಾಕಿದರು. ಎರಡನೆಯ ಲೋಟ ಬಂತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ದೇವಕ್ಕ ಬಾಗಿಲ ಬಳಿಯಿಂದ ಕೇಳಿದರು: "ಒಬ್ರೇ ಬಂದೀರಾ?"

"ಪೀಟರ್ ಇದ್ದಾರಲ್ಲ," ಎಂದೆ.

"ಪೀಟ್ರು ನಂಗೆ ಕುಂಕುಮ ಇಡ್ತಾರಾ? ಗಂಡಸರನ್ನ ಕರ್ದಂಗಾಯ್ತು, ಬುಡಿ. ಹೆಂಗಸರನ್ನ ಕರೆಯೋಕೆ ಸರೋಜಿ ಬರ್ಬೇಕಲ್ವಾ?"

ಪುಟ್ಟೇಗೌಡರು ಪೇಟವನ್ನು ಮತ್ತೆ ಪಕ್ಕಕ್ಕೆ ಇಟ್ಟರು. "ಅವಳು ಬರ್ದೆ ನಾನು ಒಬ್ನೇ ಬಂದ್ರೆ ಚೆಂದಾಗಿರಲ್ಲ ನೋಡಿ."

ಹತ್ತೂವರೆಗೆ ಜೀಪು ಮತ್ತೆ ನಮ್ಮ ಗೇಟಿಗೆ ಬಂತು. ದಾರಿಯಲ್ಲಿ ರಂಗಪ್ಪ ಇನ್ನೂ ನಿಂತಿದ್ದ. ಈ ಸಲ ಕೈ ಬೀಸಲಿಲ್ಲ.

ಗಂಡಿನ ಕಡೆಯವರು ವೇಳಾಪಟ್ಟಿಗೆ ಸರಿಯಾಗಿ ಬಂದಿದ್ದರು. ಆ ದಿನ ನನ್ನ ವೇಳಾಪಟ್ಟಿಯನ್ನು ಗೌರವಿಸಿದವರು ಅವರು ಮಾತ್ರ. ಆಲೂರಿನಿಂದ ಇಪ್ಪತ್ತು ಮಂದಿ, ನಲವತ್ತು ಖಾಲಿ ಕುರ್ಚಿಗಳ ನಡುವೆ. ಹುಡುಗನ ತಂದೆ ಖಾಲಿ ಸಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದರು.

"ಏನ್ ಬೀಗ್ರೇ, ನಿಮ್ ಕಡೆ ನೆಂಟರು ಯಾರೂ ಇಲ್ವಾ? ಏನಾದ್ರೂ ಮನಸ್ತಾಪ ಗಿನಸ್ತಾಪ?"

"ಛೆ, ಛೆ. ಎಲ್ಲರೂ ಇದ್ದಾರೆ. ಅವರವರ ಮನೆಯಲ್ಲಿದ್ದಾರೆ," ಎಂದೆ.

"ಹುಡುಗಿ ಸೋದರಮಾವ?"

"ತಯಾರಾಗಿ ಕೂತಿದ್ದಾರೆ. ಪಂಚೆಯನ್ನೂ ಉಟ್ಟಿದ್ದಾರೆ."

ಅವರ ಹುಬ್ಬು ಏರಿತು. ಅಷ್ಟರಲ್ಲಿ ಸರೋಜ ಕುಂಕುಮದ ಬಟ್ಟಲು ಹಿಡಿದು, ಯಾರ ಕಡೆಗೂ ನೋಡದೆ ಹೋಗಿ ಜೀಪಿನಲ್ಲಿ ಕುಳಿತಳು. ಅವಳ ಹಿಂದೆ ನಾನೂ. ಬಂದ ಬೀಗರನ್ನು ಅಂಗಳದಲ್ಲಿ ಬಿಟ್ಟು ಮನೆಯ ಯಜಮಾನ ಯಜಮಾನಿ ಇಬ್ಬರೂ ಜೀಪು ಹತ್ತಿ ಪರಾರಿಯಾಗುವ ದೃಶ್ಯವನ್ನು ಆಲೂರಿನವರು ಎಂದೂ ಕಂಡಿರಲಾರರು.

"ಅಪ್ಪ," ಎಂದು ದಿವ್ಯ ಸೀರೆ ಹಿಡಿದುಕೊಂಡು ಬಾಗಿಲಿಗೆ ಬಂದಳು, "ನಾನೇ ಇವರನ್ನೆಲ್ಲ ನೋಡ್ಕೊಳ್ಬೇಕಾ?"

"ಕಾಫಿ ಕೊಡು," ಎಂದು ಕೂಗಿದೆ. "ಇಪ್ಪತ್ತೊಂಬತ್ತು ಲೋಟ ತಣ್ಣಗಾಗಿದೆ."

ಮೂರನೆಯ ಸಲ ಹಾದುಹೋದಾಗ ರಂಗಪ್ಪ ನಮಗೆ ಬೆನ್ನು ಹಾಕಿ ನಿಂತ.

ಹೊಂಗಡಹಳ್ಳದಲ್ಲಿ ಸರೋಜ ಅತ್ತಿಗೆಗೆ ಕುಂಕುಮವಿಟ್ಟು, ಅಣ್ಣನ ಕಾಲಿಗೆ ಬಗ್ಗಿದಳು. "ಅಣ್ಣಯ್ಯ, ತಪ್ಪಾಯ್ತು. ನೀವು ನಿಂತು ನಡೆಸ್ಕೊಡ್ಬೇಕು." ಇಬ್ಬರೂ ಸ್ವಲ್ಪ ಅತ್ತರು. ಆಮೇಲೆ ಇಬ್ಬರೂ ಸೇರಿ ನನ್ನ ಕಡೆ ನೋಡಿ ಸಮಾಧಾನ ಮಾಡಿಕೊಂಡರು. ಮೂರನೆಯ ಲೋಟ ಬಂತು. ನಾನು ಗಡಿಯಾರ ನೋಡಿದೆ: ಹತ್ತು ಐವತ್ತು.

"ಅವಸರ ಮಾಡ್ಬ್ಯಾಡಿ ರೈಟ್ರೇ," ಎಂದರು ಪುಟ್ಟೇಗೌಡರು. "ಕರೆಯೋದು ಅನ್ನೋದು ನಿಂತ್ಕಂಡು ಮಾಡೋ ಕೆಲ್ಸ ಅಲ್ಲ."

ಅವರು ಹೆಂಡತಿಯೊಂದಿಗೆ ಜೀಪು ಹತ್ತಿದರು. ಬರುವ ದಾರಿಯಲ್ಲಿ ಆರು ಮನೆ. ಪ್ರತಿ ಮನೆಯಲ್ಲೂ ಒಳಗೆ ಹೋಗಬೇಕು, ಕೂರಬೇಕು, ಸರೋಜ ಕುಂಕುಮ ಕೊಡಬೇಕು, ನಾನು ಕೈ ಜೋಡಿಸಬೇಕು, ಅವರು "ಈಗ್ಲಾದ್ರೂ ನೆನಪಾಯ್ತಲ್ಲ" ಎನ್ನಬೇಕು. ಕಾಫಿ ಬರಬೇಕು. ನಾಲ್ಕನೆಯದು ಬೆಲ್ಲದ್ದು, ಐದನೆಯದು ಸಕ್ಕರೆಯದು. ಒಂದು ಮನೆಯಲ್ಲಿ ಲೋಟ ಸಣ್ಣದಾಯಿತೆಂದು ಚೊಂಬಿನಲ್ಲಿ ಕೊಟ್ಟರು. ಜೊತೆಯವರಿಗೆಲ್ಲ ಬೇಡ ಎನ್ನುವ ಹಕ್ಕಿತ್ತು. ತಪ್ಪು ಮಾಡಿದವನಿಗಿರಲಿಲ್ಲ. ಒಮ್ಮೆ ಅರ್ಧ ಉಳಿಸಿದೆ. "ನಮ್ಮನೆ ಕಾಫಿ ಯಾಕೆ ಸೇರುತ್ತೆ, ನಾವು ಬರೀ ತಿಳ್ಕಳೋ ಜನ," ಎಂದರು ಆ ಮನೆಯ ಅಜ್ಜಿ. ಉಳಿದರ್ಧವನ್ನೂ ಕುಡಿದೆ.

ರಂಗಪ್ಪ ಅಷ್ಟು ಹೊತ್ತಿಗೆ ಹೊಸ ಅಂಗಿಯನ್ನು ಮೊಳೆಗೆ ಸಿಕ್ಕಿಸಿ, ಬನಿಯನ್ನಿನಲ್ಲಿ ಸೌದೆ ಒಡೆಯುತ್ತಿದ್ದ.

"ಮೂರ್ ಸಲ ಮನೆ ಮುಂದೇನೇ ಓಡಾಡಿದ್ರಲ್ಲಣ್ಣ. ಬಸ್ಸಿನೋನಾದ್ರೂ ಮೂರನೇ ಸಲಕ್ಕೆ ನಿಲ್ಲಿಸ್ತಾನೆ."

"ಅಂಗಿ ಹಾಕ್ಕೊಳ್ಳೋ ರಂಗ," ಎಂದೆ. ನನ್ನ ಧ್ವನಿ ನನಗೇ ಅಳುವಿನಂತೆ ಕೇಳಿಸಿತು.

"ಕರೀರಿ, ಹಾಕ್ಕಂತೀನಿ."

ಕರೆದೆ. ಹಾಕಿಕೊಂಡ. ಕಾಫಿ ಕೊಟ್ಟ.

ಹನ್ನೊಂದು ನಲವತ್ತಕ್ಕೆ ಒಂಬತ್ತು ಲೋಟ ಕಾಫಿ, ಆ ಚೊಂಬನ್ನೂ ಒಂದು ಲೋಟವೆಂದೇ ಎಣಿಸಿ, ನನ್ನೊಳಗೆ ಕುಲುಕಾಡುತ್ತಾ ಮನೆ ತಲುಪಿತು. ಹಿಂದೆ ಜೀಪುಗಳು, ಬೈಕುಗಳು, ಒಂದು ಟ್ರ್ಯಾಕ್ಟರು. ಗಂಡಿನ ಕಡೆಯವರು ಎದ್ದು ಹೋಗಿರುತ್ತಾರೆ ಎಂದೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದರಲ್ಲಿ ಕಾಫಿಯ ಪಾಲೆಷ್ಟು ಹೇಳಲಾರೆ. ಗೇಟಿನೊಳಗಿಂದ ಜೋರು ನಗು ಕೇಳಿಸಿತು. ಕುರ್ಚಿಗಳ ಸಾಲು ಮುರಿದು ಎಲ್ಲರೂ ದುಂಡಗೆ ಕೂತಿದ್ದರು. ನಡುವೆ ಹುಡುಗನ ತಂದೆ ದಿವ್ಯಳ ಫೋನು ಹಿಡಿದು, ನನ್ನ ಪ್ರಕಟಣೆಯನ್ನು ಗಟ್ಟಿಯಾಗಿ ಓದುತ್ತಿದ್ದರು.

"ಒಂಬತ್ತು ಇಪ್ಪತ್ತು, ಆಸನ ಗ್ರಹಣ! ಕೇಳಿಸ್ಕೊಳ್ರಪ್ಪ. ತಲಾ ಒಂದು ಲೋಟ ಅಂತೆ!"

ದಿವ್ಯ ನಿಜವನ್ನೇ ಹೇಳಿಬಿಟ್ಟಿದ್ದಳು. ಜಗಳವೂ ಇಲ್ಲ, ಮನಸ್ತಾಪವೂ ಇಲ್ಲ. ನಮ್ಮಪ್ಪ ಎಲ್ಲರಿಗೂ ನೋಟೀಸು ಕೊಟ್ಟಿದ್ದಾರೆ, ಅಷ್ಟೆ. ಮುಕ್ಕಾಲು ಗಂಟೆಯ ನನ್ನ ಪಾಠದಿಂದ ಅವಳ ತಲೆಗೆ ಏನೂ ಹತ್ತಿಲ್ಲವೆಂದುಕೊಂಡಿದ್ದೆ. ಅವಳು ಬೇಕಾದ್ದನ್ನು ಸರಿಯಾದವರಿಗೆ ಬೇಕಾದಷ್ಟೇ ತಿಳಿಸಿದ್ದಳು.

ಪುಟ್ಟೇಗೌಡರು ಪೇಟ ಸರಿಪಡಿಸಿಕೊಂಡು ಮುಂದೆ ಬಂದು ಕೂತರು. ಐನೋರು ಮಂತ್ರ ಹೇಳಿದರು, ತಟ್ಟೆಗಳು ಕೈ ಬದಲಾದವು. ಸೋದರಮಾವ ತಾಂಬೂಲ ತೆಗೆದುಕೊಂಡಾಗ ಹನ್ನೊಂದು ಐವತ್ತೆರಡು. ಸರೋಜ ಸೆರಗಿನಿಂದ ಮುಖ ಒರೆಸಿಕೊಂಡಳು. ರಾಹುಕಾಲ ಮಾತ್ರ ನನ್ನ ಪ್ರಕಟಣೆಯಂತೆ ಸರಿಯಾಗಿ ಹನ್ನೆರಡಕ್ಕೆ ಆಗಮಿಸಿತು.

ಊಟಕ್ಕೆ ಎಲೆ ಹಾಕಿದಾಗ ನಾನು ಹಿತ್ತಲಿನ ನೀರಿನ ತೊಟ್ಟಿಯ ಹಿಂದೆ ಹೋಗಿ ನಿಂತೆ. ಹೊಟ್ಟೆಯಲ್ಲಿ ಒಂದು ಸಾಸಿವೆಕಾಳಿಗೂ ಜಾಗವಿರಲಿಲ್ಲ. ಕಣ್ಣು ಮುಚ್ಚಿದರೂ ತೆರೆದೇ ಇದ್ದಂತಿತ್ತು. ಇಂದು ಈ ಮನೆಯಲ್ಲಿ ನನ್ನನ್ನು ಯಾರೂ ಹುಡುಕುವುದಿಲ್ಲ ಎಂಬ ಭರವಸೆಯಿತ್ತು.

ಪುಟ್ಟೇಗೌಡರು ಹುಡುಕಿಕೊಂಡು ಬಂದರು. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, ಹಿಂದೆಯೇ ಬಂದ ಹತ್ತು ಜನರ ಎದುರಿಗೆ, ಸೊಂಟ ಬಗ್ಗಿಸಿ, ಎರಡೂ ಕೈ ಜೋಡಿಸಿದರು.

"ರೈಟ್ರೇ, ಊಟಕ್ಕೆ ದಯಮಾಡಿಸ್ಬೇಕು."

"ಭಾವ, ನನಗೆ ಹಸಿವಿಲ್ಲ..."

"ಕರೀತಾ ಇವ್ನಿ," ಎಂದರು.

ಅವರ ಹಿಂದೆ ಹೋದೆ. ಪಂಕ್ತಿಯ ನಡುವೆ ಕೂರಿಸಿದರು. ತಾವೇ ಸೊಂಟಕ್ಕೆ ಶಲ್ಯ ಕಟ್ಟಿ ಬಡಿಸಲು ನಿಂತರು. ಮೊದಲ ಒಬ್ಬಟ್ಟು ಹೋಯಿತು. ಎರಡನೆಯದು ಸರೋಜಳ ಹೆಸರಿನಲ್ಲಿ ಬಂತು, ಅದನ್ನೂ ನೂಕಿದೆ. ಮೂರನೆಯದಕ್ಕೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದೆ.

ಅವರು ಒಬ್ಬಟ್ಟನ್ನು ಅಂಗೈ ಹಿಂಬದಿಯ ಮೇಲೆಯೇ ಇಟ್ಟು, ಅದರ ಮೇಲೆ ತುಪ್ಪ ಸುರಿದರು. ಇಡೀ ಪಂಕ್ತಿ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ತುಪ್ಪ ಮೊಣಕೈ ಕಡೆಗೆ ಇಳಿಯತೊಡಗಿತು.

ನೆಕ್ಕಿಕೊಂಡೆ.